ಮಾವನ ಮೀಸೆಗೆ ನೊರೆ

"ಮುಂದಿನ ಸಲ ನೀವು ಬರೂದ್ರಾಗ ನನ್ನ ಕೈಯಾರೆ ಬಿಯರ್ ಮಾಡಿ ಕುಡಸ್ತೇನ್ರಿ ಮಾವಾರ! ಕುಡಸಲಿಲ್ಲ ಅಂದ್ರ ನನ್ನ ಹೆಸರು ಪರಮೇಶಪ್ಪನ ಅಲ್ಲ!"

ಹೀಗೆಂದು ಪರಮೇಶಪ್ಪ ಘರ್ಜಿಸಿದ್ದು ಬ್ಯಾಡಗಿಯ ತನ್ನ ಮನೆಯ ಪಡಸಾಲೆಯಲ್ಲಿ, ಭಾನುವಾರದ ಊಟದ ಹೊತ್ತಿನಲ್ಲಿ, ಕೈಯಲ್ಲಿ ಕೋಳಿಯ ತೊಡೆ ಹಿಡಿದುಕೊಂಡು. ತನ್ನ ತೊಡೆ ತಟ್ಟಬೇಕೆಂದಿದ್ದ; ಕೈ ಎಂಜಲಾಗಿತ್ತು, ಪಂಚೆ ಹೊಸದು, ಹೆಂಡತಿ ಎದುರಿಗೇ ಇದ್ದಳು. ಬಿಟ್ಟ.

ಹೆಸರು ಬದಲಾದರೆ ಮಾವ ಮೈಲಾರೆಪ್ಪನಿಗೆ ಏನೂ ತೊಂದರೆಯಿರಲಿಲ್ಲ. ಮಗಳನ್ನು ಕೊಟ್ಟು ಹದಿನಾಲ್ಕು ವರ್ಷವಾಗಿತ್ತು, ಒಂದು ಸಲವಾದರೂ ಆತ ಅಳಿಯನನ್ನು ಹೆಸರು ಹಿಡಿದು ಕರೆದಿರಲಿಲ್ಲ. "ಅಳಿಯಂದ್ರ" ಎನ್ನುತ್ತಿದ್ದ. ಆ ಬಹುವಚನದಲ್ಲಿ ಮರ್ಯಾದೆ ಇತ್ತೋ ಲೇವಡಿ ಇತ್ತೋ ಪರಮೇಶಪ್ಪನಿಗೆ ಗೊತ್ತಾಗುತ್ತಿರಲಿಲ್ಲ ಎಂದುಕೊಳ್ಳಬೇಡಿ. ಚೆನ್ನಾಗಿ ಗೊತ್ತಾಗುತ್ತಿತ್ತು!

ಮೈಲಾರೆಪ್ಪ ಮೇಡ್ಲೇರಿಯವನು. ಮಿಲಿಟರಿಯಲ್ಲಿ ಹವಾಲ್ದಾರನಾಗಿದ್ದು, ಎರಡು ಯುದ್ಧ ನೋಡಿ, ಪೆನ್ಶನ್ನು ಮತ್ತು ಒಂದು ಮೀಸೆ ತೆಗೆದುಕೊಂಡು ಊರಿಗೆ ಬಂದವನು. ಆ ಮೀಸೆ ಮೊದಲು ಬಾಗಿಲು ದಾಟುತ್ತಿತ್ತು, ಅದರ ಹಿಂದೆ ಆತ ದಾಟುತ್ತಿದ್ದ. ಪ್ರತಿ ವರ್ಷ ಸಂಕ್ರಾಂತಿ ಮುಗಿದ ಮೇಲೆ ಮಗಳ ಮನೆಗೆ ನಾಲ್ಕು ದಿನ ಬಂದು, ಮಿಲಿಟರಿ ಕ್ಯಾಂಟೀನಿನಿಂದ ತಂದ ರಮ್ಮಿನಲ್ಲಿ ಅಳಿಯನಿಗೆ ಒಂದು ಮುಚ್ಚಳದಷ್ಟು ಸುರಿದು, "ನಿಮಗ ಇಷ್ಟ ಸಾಕ್ರಿ" ಎನ್ನುವುದು ಆತನ ವಾಡಿಕೆ.

ಮಾವನ ಈ ಧೋರಣೆಗೆ ಕಾರಣವಿರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಪರಮೇಶಪ್ಪ ಕೂಡಿಸಿದ ನಳ ಮುಂದಕ್ಕೆ ನೀರು ಬಿಡುವುದನ್ನು ಬಿಟ್ಟು ಹಿಂದಕ್ಕೆ ಬಿಟ್ಟಿತ್ತು. ಪರಮೇಶಪ್ಪ ಹೊಡೆದ ಮೊಳೆಗೆ ತೂಗುಹಾಕಿದ ಮಾವನ ಮಿಲಿಟರಿ ಫೋಟೊ, ಮಾವ ಅದರ ಕೆಳಗೆ ಬಂದು ಕೂತ ಗಳಿಗೆಯನ್ನೇ ಆರಿಸಿಕೊಂಡು ಕೆಳಗೆ ಬಿದ್ದಿತ್ತು. ಅವತ್ತು ಮೈಲಾರೆಪ್ಪ ನೆತ್ತಿ ಸವರಿಕೊಳ್ಳುತ್ತ ಹೇಳಿದ ಮಾತು ಪರಮೇಶಪ್ಪನ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತ್ತು.

"ಅಳಿಯಂದ್ರ, ನೀವು ನಿಮ್ಮ ಬ್ಯಾಡಗಿ ಮೆಣಸಿನಕಾಯಿ ಇದ್ದಂಗ ನೋಡ್ರಿ. ಬಣ್ಣ ಭಾಳ, ಖಾರ ಇಲ್ಲ!"

ಬ್ಯಾಡಗಿ ಮೆಣಸಿನಕಾಯಿಯನ್ನು ಕಂಡವರಿಗೆ ಈ ಮಾತಿನ ಪೆಟ್ಟು ಗೊತ್ತು. ಸಾರಿಗೆ ಹಾಕಿದರೆ ಸಾರು ಕುಂಕುಮದಂತೆ ಕೆಂಪಾಗುತ್ತದೆ. ನಾಲಿಗೆ ಮಾತ್ರ ತಣ್ಣಗಿರುತ್ತದೆ. ಊರಿಗೆ ಊರೇ ಅಭಿಮಾನಪಡುವ ಈ ಗುಣವನ್ನು ಅಳಿಯನ ಗುಣವೆಂದು ಹೇಳಿದರೆ ಆ ಅಳಿಯ ಯಾರ ಮುಂದೆ ಹೋಗಿ ಅಳಬೇಕು?

ಹಾಗಾಗಿ ಈ ಸಲ ಮಾವ ತನ್ನ ಪಲ್ಟನ್ನಿನ ಬಿಯರಿನ ವರ್ಣನೆ ಶುರುಮಾಡಿದಾಗ ಪರಮೇಶಪ್ಪನಿಗೆ ತಡೆಯಲಾಗಲಿಲ್ಲ.

"ಗ್ಲಾಸಿಗೆ ಸುರುವಿದ್ರ ನೊರಿ ಎದ್ದು ನಿಂದರ್ತಿತ್ತು. ಕುಡದ್ರ ಮೀಸಿಗೆ ಹತ್ತಬೇಕು! ಮೀಸಿಗೆ ಹತ್ತಲಾರದ್ದು ಬಿಯರ್ ಅಲ್ರಿ, ಜವಿಗೋದಿ ಗಂಜಿ!" ಎಂದ ಮೈಲಾರೆಪ್ಪ.

ಆಗಲೇ ಮೇಲಿನ ಘರ್ಜನೆ ಹೊರಬಿದ್ದದ್ದು.

ಮಾವ ನಕ್ಕ. ಮೀಸೆಯೂ ನಕ್ಕಿತು. "ಆತ್ರಿ. ನನ್ನ ಮೀಸಿಗೆ ನೀವು ಮಾಡಿದ ನೊರಿ ಹತ್ತಿದ ದಿನ ಬಾಯಿ ತುಂಬ ಭೇಷ್ ಅಂತೇನಿ. ಹೆಸರ ಹಿಡದು ಅಂತೇನಿ."

ಒಂದು ಭೇಷ್! ಅದೂ ಹೆಸರು ಹಿಡಿದು! ಪರಮೇಶಪ್ಪನಿಗೆ ಆಮೇಲೆ ಕೋಳಿ ರುಚಿಸಲಿಲ್ಲ. ತಾಲೂಕಿನ ಅಧ್ಯಕ್ಷಗಿರಿ ಕೊಡುತ್ತೇವೆಂದರೂ ಆತ ಇಷ್ಟು ಆಸೆಪಡುತ್ತಿರಲಿಲ್ಲ.

ಬಿಯರನ್ನು ಹೇಗೆ ಮಾಡುತ್ತಾರೆಂಬುದು ಆತನಿಗೆ ಗೊತ್ತಿರಲಿಲ್ಲ. ಅಂಥ ಸಣ್ಣ ವಿಷಯ ಆತನ ಪ್ರತಿಜ್ಞೆಗಳಿಗೆ ಯಾವತ್ತೂ ಅಡ್ಡಬಂದದ್ದಿಲ್ಲ.

ಪರಮೇಶಪ್ಪ ಕೆಲಸ ಮಾಡುತ್ತಿದ್ದದ್ದು ಊರಿಗೆ ಹೊಸದಾಗಿ ಬಂದಿದ್ದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ, ಸೂಪರ್‌ವೈಜರ್ ಆಗಿ. ರೈತರ, ವ್ಯಾಪಾರಿಗಳ ಮೆಣಸಿನಕಾಯಿ ಚೀಲಗಳನ್ನು ಬಣ್ಣ ಕೆಡದಂತೆ ತಂಪಿನಲ್ಲಿಟ್ಟು ಕಾಯುವುದು ಕೆಲಸ. ಅಲ್ಲಿ ಸೇರಿದಾಗಿನಿಂದ ಆತನಿಗೆ ಒಂದು ಸಿದ್ಧಾಂತ ಅಂಟಿಕೊಂಡಿತ್ತು: "ತಂಪಿನಾಗ ಇಟ್ರ ಯಾವ್ದೂ ಕೆಡೂದಿಲ್ಲ!" ಓಣಿಯವರ ಮದುವೆಯ ಮಲ್ಲಿಗೆ ಮಾಲೆ, ಹಬ್ಬದಲ್ಲಿ ಉಳಿದ ಕರಿಗಡುಬು, ಯಾರದೋ ಎಮ್ಮೆಯ ಔಷಧ, ಎಲ್ಲವೂ ಚೀಲಗಳ ಸಂದಿಯಲ್ಲಿ ಒಂದೆರಡು ದಿನ ವಾಸ ಮಾಡಿ ಮೆಣಸಿನಕಾಯಿ ವಾಸನೆ ಹೊತ್ತು ಹೊರಬಂದಿದ್ದವು. ಹೆಂಡತಿ ಶೇಖವ್ವನ ಮೇಲೆ ಸಿಟ್ಟು ಬಂದರೆ ತಾನೇ ಹೋಗಿ ಒಳಗೆ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದ.

ಅದೇ ವರ್ಷ ಅಲ್ಲಿಯ ಮಷೀನು ಕೆಟ್ಟು, ರಿಪೇರಿಗೆಂದು ಗೋವಾದಿಂದ ಒಬ್ಬ ಮೆಕ್ಯಾನಿಕ್ ಬಂದ. ಮಾತಿಗೆ ಮಾತು ಬೆಳೆದು, ಆತನ ಅಜ್ಜಿ ಮನೆಯಲ್ಲೇ ಬಿಯರು ಮಾಡುತ್ತಿದ್ದಳೆಂಬ ಸಂಗತಿ ಹೊರಬಿತ್ತು. ಪರಮೇಶಪ್ಪ ಆತನ ಕಾಲು ಹಿಡಿಯುವುದೊಂದು ಬಾಕಿ. ರೈಲು ಸ್ಟೇಶನ್ನಿಗೆ ಆತನ ಪೆಟ್ಟಿಗೆ ಹೊತ್ತುಕೊಂಡು ಹೋಗಿ, ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಉಪದೇಶ ಪಡೆದ. ಜವೆಗೋಧಿ ಮೊಳಕೆ ಬರಿಸು, ಒಣಗಿಸು, ಒಡೆಸು, ಕುದಿಸು, ಕಹಿಗೆ ಏನಾದರೂ ಹಾಕು, ಆರಿದ ಮೇಲೆ ಬೇಕರಿಯ ಈಸ್ಟ್ ಬೆರೆಸು, ಹುದುಗಿದ ಮೇಲೆ ಬಾಟಲಿಗೆ ತುಂಬು... "ತುಂಬಿದ ಮೇಲೆ ಮುಖ್ಯವಾದ ಒಂದು ಮಾತಿದೆ" ಎಂದು ಗುರು ಬೆರಳೆತ್ತಿದ. ರೈಲು ಬಂತು. ಗುರು ಹತ್ತಿದ. ರೈಲು ಹೋಯಿತು.

ಆ ಮುಖ್ಯವಾದ ಮಾತು ಗೋವಾ ಹಾದಿಯ ಲೋಂಡಾದ ಕಡೆಗೆ ಹೊರಟುಹೋದದ್ದಕ್ಕೆ ಪರಮೇಶಪ್ಪ ಚಿಂತಿಸಲಿಲ್ಲ. ತುಂಬಿದ ಮೇಲೆ ಏನು ಮಾಡಬೇಕೆಂದು ಸಣ್ಣ ಕೂಸಿಗೂ ಗೊತ್ತಿಲ್ಲವೇ? ಬಿಯರು ಎಂದರೆ ತಣ್ಣಗಿರಬೇಕು. ತಂಪಿನ ವಿಷಯದಲ್ಲಿ ಬ್ಯಾಡಗಿಯಲ್ಲಿ ತನಗೆ ಬುದ್ಧಿ ಹೇಳುವವರು ಯಾರಿದ್ದಾರೆ?

"ಮನ್ಯಾಗ ಸೆರೆ ಕಾಸ್ತೀರೇನು? ಪೊಲೀಸ್ರು ಬಂದ್ರ ನಾ ತವರಮನಿಗೆ ಹೋಗ್ತೇನಿ, ನೀವು ಅವರ ಕೂಡ ಹೋಗ್ರಿ!" ಎಂದಳು ಶೇಖವ್ವ, ಜವೆಗೋಧಿಯ ಮೊಳಕೆ ಕಂಡ ದಿನ.

"ಸೆರೆ ಅಲ್ಲ ಶೇಖಾ, ಬಿಯರ್! ನಿಮ್ಮಪ್ಪನ ಸಲುವಾಗಿ."

"ನಮ್ಮಪ್ಪ ಕುಡಿಯೂದು ಸರಕಾರದ್ದು. ನೀವು ಮಾಡೂದು ಕಳ್ಳಬಟ್ಟಿ."

"ಕಳ್ಳಬಟ್ಟಿಗೆ ನೊರಿ ಬರ್ತೈತೇನು?"

"ಬಟ್ಟಿ ತೊಳಿಯೂ ಸಾಬೂನಕ್ಕೂ ನೊರಿ ಬರ್ತೈತಿ. ಅದನ್ನ ಕುಡಸ್ರಿ!"

ಬಾಯಿ ಹೀಗಿದ್ದರೂ ಆಕೆ ಮೊಳಕೆ ಒಣಹಾಕಲು ತನ್ನ ಹೊಸ ಮೊರ ಕೊಟ್ಟಳು. ತನ್ನ ಗಂಡನನ್ನು ತಾನು ಬೈದರೆ ಅದು ಸಂಸಾರ. ಅದೇ ಗಂಡನನ್ನು ಅಪ್ಪ ಹಂಗಿಸಿದರೆ ಆಕೆಯ ಹೊಟ್ಟೆ ಉರಿಯುತ್ತಿತ್ತು.

ಪರಮೇಶಪ್ಪ ಹಾವೇರಿಗೆ ಹೋಗಿ ಬೇಕರಿಯವನನ್ನು ಕಾಡಿ ಬೇಡಿ ಈಸ್ಟ್ ತಂದ. ಜವೆಗೋಧಿಯನ್ನು ಗಿರಣಿಯಲ್ಲಿ ಒಡೆಸಿದ. ಬ್ಯಾಡಗಿಯ ಗಿರಣಿಯಲ್ಲಿ ಏನನ್ನೇ ಹಾಕಿದರೂ ಅದಕ್ಕಿಂತ ಮೊದಲು ಹಾಕಿದ್ದು ಮೆಣಸಿನಕಾಯಿಯೇ ಆಗಿರುತ್ತದೆ. ಹಾಗಾಗಿ ಬಿಳಿ ನುಚ್ಚು ಹೋಗಿ ಕೆಂಪು ನುಚ್ಚು ಬಂತು. ಕಹಿಗೆ ಬೇವಿನೆಲೆ ಬಿತ್ತು. ಕುದಿಯುವ ವಾಸನೆಗೆ ಪಕ್ಕದ ಮನೆಯವರು ಯಾರಿಗೆ ಸಿಡುಬು ಎದ್ದಿದೆಯೆಂದು ಕೇಳಿಕೊಂಡು ಬಂದರು. ಕೊಡದಲ್ಲಿ ಕೆಲವು ದಿನ ಬುಳುಬುಳು ಎಂದು ಮಾತಾಡಿ ಸುಮ್ಮನಾದ ಆ ದ್ರವವನ್ನು ಗುಜರಿಯಿಂದ ತಂದ ಬಾಟಲಿಗಳಿಗೆ ತುಂಬಿ, ಬೂಚು ಜಡಿದು, ಮೆಣಸಿನಕಾಯಿ ಚೀಲ ಹೊಲಿಯುವ ಸುತಳಿಯಿಂದ ಬೂಚಿನ ಮೇಲೆ ಬಿಗಿದು ಕಟ್ಟಿದ. ಅದೇ ದಿನ ಎಲ್ಲವನ್ನೂ ಗೋಣಿಚೀಲದಲ್ಲಿ ಸುತ್ತಿ ಕೋಲ್ಡ್ ಸ್ಟೋರೇಜಿನ ಮೂಲೆಗೆ ಸೇರಿಸಿದ.

ಮಾವ ಬರುವ ವಾರ ಹತ್ತಿರವಾಯಿತು. ಪರಮೇಶಪ್ಪ ಬಾಟಲಿಗಳನ್ನು ಮನೆಗೆ ತಂದು, ಹೆಂಡತಿಯನ್ನು ಎದುರಿಗೆ ಕೂರಿಸಿ, "ಶಬ್ದಕ್ಕ ಹೆದರಬ್ಯಾಡ" ಎಂದು ಎಚ್ಚರಿಕೆ ಕೊಟ್ಟು, ಸುತಳಿ ಬಿಚ್ಚಿ, ಬೂಚು ಕಿತ್ತ.

ಶಬ್ದವೇ ಇಲ್ಲ! ಹೊಸ ಸೊಸೆಯೂ ಅಷ್ಟು ಸದ್ದಿಲ್ಲದೆ ಹೊರಗೆ ಬರುವುದಿಲ್ಲ. ಗ್ಲಾಸಿಗೆ ಸುರಿದ. ಕೆಂಪಗೆ, ತಣ್ಣಗೆ, ಗಂಭೀರವಾಗಿ ತುಂಬಿಕೊಂಡಿತು. ಒಂದು ಗುಳ್ಳೆಯಿಲ್ಲ.

ಶೇಖವ್ವ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. "ಮೂರ ದಿನದ ಅಂಬಲಿ ನೀರು ಇದ್ದಂಗ ಐತಿ" ಎಂದಳು. ಆಮೇಲೆ ಬೆಳಕಿಗೆ ಹಿಡಿದು ನೋಡಿ, "ಬಣ್ಣ ಭಾಳ ಛಲೋ ಬಂದೈತ್ರಿ" ಎಂದುಬಿಟ್ಟಳು.

ಆಕೆ ಸಮಾಧಾನಕ್ಕೆಂದೇ ಅಂದದ್ದು. ಆದರೆ ಪರಮೇಶಪ್ಪನ ಕಿವಿಗೆ ಅದರ ಮುಂದಿನ ಅರ್ಧ ಮಾವನ ಧ್ವನಿಯಲ್ಲಿ ಕೇಳಿಸಿತು: ಖಾರ ಇಲ್ಲ! ಆತ ಗ್ಲಾಸು ಕೆಳಗಿಟ್ಟು ಗೋಡೆಗೆ ಒರಗಿ ಕೂತ. ಆ ಮುಖ ನೋಡಿದ್ದರೆ ನಿಮಗೂ ಪಾಪ ಅನಿಸುತ್ತಿತ್ತು.

ಮರುದಿನ ಬೆಳಿಗ್ಗೆ ಆತ ಒಂದು ಬಾಟಲಿ ಚೀಲದಲ್ಲಿಟ್ಟುಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತಿದ. ಅಲ್ಲಿ ಕಾಸೀಮಸಾಬನ ಸೋಡಾ ಅಂಗಡಿ ಇತ್ತು. ಗೋಲಿ ಸೋಡಾಕ್ಕೆ ಗ್ಯಾಸ್ ತುಂಬುವ ಕೈಮಷೀನು ಆತನದು. ಬರೀ ನೀರಿಗೆ ಪ್ರಾಣ ತುಂಬುವವನು ಬಿಯರಿಗೆ ತುಂಬಲಾರನೇ?

"ಕಾಸೀಮಸಾಬ್ರ, ಇದಕ್ಕ ಒಂದೀಟು ಗ್ಯಾಸ್ ಹೊಡದು ಕೊಡ್ರಿ."

"ಏನ್ರಿ ಇದು?"

"ಔಷಧರಿ."

ಕಾಸೀಮಸಾಬ ಬೂಚು ತೆಗೆದು ಮೂಸಿ, ಮೂಗನ್ನು ಪಕ್ಕಕ್ಕೆ ತಿರುಗಿಸಿ, ಬಾಟಲಿಯನ್ನು ಮೇಜಿನ ತುದಿಗೆ ಸರಿಸಿದ. "ಯಾವ ಬ್ಯಾನಿಗ್ರಿ?"

"ಮಾವನ ಬ್ಯಾನಿಗೆ" ಎಂದ ಪರಮೇಶಪ್ಪ. ಸುಳ್ಳು ಅಲ್ಲಿಗೆ ಮುಗಿಯಿತು, ಕಥೆಯೆಲ್ಲ ಹೊರಬಂತು. ಮೀಸೆ, ನೊರೆ, ಭೇಷ್, ಯಾವುದನ್ನೂ ಬಚ್ಚಿಡಲಿಲ್ಲ.

ಕಾಸೀಮಸಾಬ ಪೂರಾ ಕೇಳಿದ. "ನೋಡ್ರಿ, ನನ್ನ ಮಷೀನಿನಾಗ ನಿಂಬು ಸೋಡಾ ಆಗೇತಿ, ಶುಂಠಿ ಸೋಡಾ ಆಗೇತಿ. ಇದು ಆಗೂದಿಲ್ರಿ. ನಮ್ಮ ಮಂದ್ಯಾಗ ಇದನ್ನ ಮುಟ್ಟೂ ಹಂಗಿಲ್ಲ. ಸಾಲಿ ಹುಡುಗ್ರು ನಂಬಿ ಕುಡೀತಾರ ನನ್ನ ಸೋಡಾ."

"ಹಂಗಾರ ನಾ ಕೆಟ್ಟೆರಿ."

"ಕುಂದ್ರಿ, ಒಂದು ಸೋಡಾ ಕುಡೀರಿ." ಠಣ್ಣೆಂದು ಗೋಲಿ ಒತ್ತಿ ಕೈಗಿಟ್ಟ. "ಮಾವ ಅಂಬಾಂವ ಎಲ್ಲಾರಿಗೂ ಇರ್ತಾನ್ರಿ. ನನ್ನ ಮಾವ ಇಪ್ಪತ್ತು ವರ್ಷದಿಂದ ಸೋಡಾದಾಂವ ಅಂತಾನ, ಕಾಸೀಮ ಅಂದಿಲ್ಲ. ಅವನ ಮನಿ ಮದವಿಗೆಲ್ಲಾ ಸೋಡಾ ಮಾತ್ರ ನನ್ನದ ಬೇಕು!"

ಕಾಸೀಮಸಾಬ ತನಗೂ ಒಂದು ಗೋಲಿ ಒತ್ತಿದ; ಇಬ್ಬರು ಅಳಿಯಂದಿರೂ ಜೊತೆಗೆ ಕುಡಿದರು. ಸೋಡಾ ಸುರ್ರೆಂದು ಮೂಗಿಗೆ ಏರಿ ಪರಮೇಶಪ್ಪನ ಕಣ್ಣಲ್ಲಿ ನೀರು ತರಿಸಿತು. ಎಲ್ಲವೂ ಸೋಡಾದ ನೀರೇ ಎಂದು ಹೇಳಲಾರೆ.

ಜ್ಞಾನೋದಯ ಮರದ ಕೆಳಗೇ ಆಗಬೇಕೆಂದೇನಿಲ್ಲ, ಬಚ್ಚಲಿನಲ್ಲೂ ಆಗುತ್ತದೆ. ಬುಧವಾರ ಬೆಳಿಗ್ಗೆ ಪರಮೇಶಪ್ಪ ಸ್ನಾನಕ್ಕೆ ಹೋದಾಗ ನೀರೊಲೆಯ ಪಕ್ಕದಲ್ಲಿ ಪಡ್ಡಿನ ಹಿಟ್ಟಿನ ಡಬರಿ ಇತ್ತು. ಚಳಿಗೆ ಹಿಟ್ಟು ಉಬ್ಬುವುದಿಲ್ಲವೆಂದು ಶೇಖವ್ವ ಹಿಂದಿನ ಸಂಜೆಯೇ ಅದನ್ನು ಬೆಚ್ಚಗಿರಲೆಂದು ಅಲ್ಲಿಟ್ಟಿದ್ದಳು. ಈಗ ಹಿಟ್ಟು ತಟ್ಟೆಯನ್ನು ಎತ್ತಿ ಹಾಕಿ, ಡಬರಿಯ ಅಂಚು ದಾಟಿ, ಅಂಗಳಕ್ಕೆ ಹೊರಟಂತಿತ್ತು.

ಪರಮೇಶಪ್ಪ ತಂಬಿಗೆ ಹಿಡಿದವನು ಹಾಗೇ ನಿಂತ. ಹಿಟ್ಟಿಗೆ ಬೆಚ್ಚಗೆ ಬೇಕು. ತಂಪಿನಲ್ಲಿ ಅದು ಏಳುವುದಿಲ್ಲ. ಹಾಗಾದರೆ ಈಸ್ಟು? ಅಯ್ಯೋ ದೇವರೇ! ಬಾಟಲಿಯಲ್ಲಿ ಎದ್ದು ಗ್ಯಾಸು ಮಾಡಬೇಕಾಗಿದ್ದ ಬಡಪಾಯಿ ಈಸ್ಟನ್ನು ಇಷ್ಟು ದಿನ ಕೋಲ್ಡ್ ಸ್ಟೋರೇಜಿನಲ್ಲಿ ಮಲಗಿಸಿಬಿಟ್ಟಿದ್ದೆನಲ್ಲ! ರೈಲಿನಲ್ಲಿ ಹೊರಟುಹೋದ ಮುಖ್ಯ ಮಾತು ಇದೇ ಇರಬೇಕು!

ಮಲಗಿದವರನ್ನು ಎಬ್ಬಿಸುವುದಕ್ಕೆ ಬೆಚ್ಚಗೆ ಮಾಡಿದರೆ ಸಾಕೆ? ತಿನ್ನಲಿಕ್ಕೂ ಕೊಡಬೇಕು. ಶೇಖವ್ವ ಸಂತೆಗೆ ಹೋದದ್ದನ್ನು ನೋಡಿಕೊಂಡು ಪರಮೇಶಪ್ಪ ಅಡುಗೆಮನೆಯ ಬೆಲ್ಲ ತೆಗೆದು, ಪ್ರತಿ ಬಾಟಲಿಯ ಸುತಳಿ ಬಿಚ್ಚಿ, ಒಂದೊಂದು ಚೂರು ಹಾಕಿ, ಮತ್ತೆ ಬಿಗಿದು ಕಟ್ಟಿದ. ಚೂರು ಎಂದೆನೇ? ಅಳಿಯನ ಕೈ ಉದಾರ. ಲಿಂಬೆಹಣ್ಣಿನಷ್ಟು ಗಾತ್ರದ್ದನ್ನು ಒಡೆದು ಒಡೆದು ತುರುಕಿದ. ಬಾಟಲಿಗಳನ್ನು ನೀರೊಲೆಯ ಪಕ್ಕದ ಗೂಡಿನಲ್ಲಿ ಸಾಲಾಗಿ ನಿಲ್ಲಿಸಿ, ಕರಿ ಕಂಬಳಿ ಹೊದಿಸಿ, ಬಾಣಂತಿಯ ಕೋಣೆಯಿಂದ ಹೊರಬರುವವನಂತೆ ಮೆಲ್ಲಗೆ ಹೊರಬಂದ. ಹೆಂಡತಿಗೆ, "ಬಾಟ್ಲಿ ಬೆಚ್ಚಗ ಇಟ್ಟೇನಿ, ಮುಟ್ಟಬ್ಯಾಡ" ಎಂದಷ್ಟೇ ಹೇಳಿದ. ಬೆಲ್ಲದ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ಬೆಲ್ಲದ ರೇಟು ಕೇಳಬೇಕಾಗುತ್ತಿತ್ತು.

ಗುರುವಾರ ಸಂಜೆ ಶೇಖವ್ವ ಬೆಲ್ಲದ ಡಬ್ಬಿ ಮುಚ್ಚುತ್ತಿದ್ದಾಗ ಪರಮೇಶಪ್ಪ ಒಳಗೆ ಬಂದ. ಬೆಲ್ಲ ತಳ ಸೇರಿತ್ತು. ತಾನು ತೆಗೆದದ್ದು ಇಷ್ಟೊಂದಲ್ಲವಲ್ಲ ಎಂದು ಆತನಿಗೆ ಅನುಮಾನ. ಆಕೆಯ ಮುಖದಲ್ಲೂ ಏನೋ ಅನುಮಾನ.

"ಬೆಲ್ಲ ಕಡಿಮಿ ಆಗೇತಲ್ಲ..." ಎಂದ ಆತ.

"ಇಲಿ ಇರಬೇಕ್ರಿ" ಎಂದಳು ಆಕೆ, ಲಗುಬಗೆಯಿಂದ.

"ಹೌದೌದು, ಇಲಿ" ಎಂದ ಆತ, ಇನ್ನೂ ಲಗುಬಗೆಯಿಂದ.

ಮಾವ ಬರಬೇಕಾದದ್ದು ಭಾನುವಾರ. ಶುಕ್ರವಾರ ನಸುಕಿನಲ್ಲೇ ಮೀಸೆ ಬಾಗಿಲಲ್ಲಿ ಕಾಣಿಸಿತು!

"ಕೆಲಸ ಇರಲಿಲ್ಲ, ಲಗೂ ಬಂದೆ. ಯಾಕ ಅಳಿಯಂದ್ರ, ಮಾರಿ ಬಿಳಚಿಕೊಂಡೈತಲ್ಲ? ಬಿಯರ್ ತಯಾರ ಐತೋ ಇಲ್ಲೋ?"

"ಐತ್ರಿ... ಭಾನುವಾರ ಊಟಕ್ಕ ತೆಗೀತೇನ್ರಿ."

"ನನ್ನ ಮೀಸಿ ಕಾದು ಕುಂತೈತಿ" ಎಂದು ಮೈಲಾರೆಪ್ಪ ಎರಡೂ ತುದಿ ತಿರುವಿ, ಟವೆಲ್ಲು ಹೆಗಲಿಗೆ ಹಾಕಿ, ಸೀದಾ ಬಚ್ಚಲಿಗೆ ನಡೆದ.

ಬಚ್ಚಲಿಗೆ! ಬಾಟಲಿಗಳಿದ್ದದ್ದೂ ಅಲ್ಲೇ! ಮಿಲಿಟರಿ ಮನುಷ್ಯ, ಐದು ನಿಮಿಷದಲ್ಲಿ ಸ್ನಾನ ಮುಗಿಸಿ ಬರುವವನು ಅವತ್ತು ಒಳಗೇ ಉಳಿದುಬಿಟ್ಟ. ಒಂದು ಸಲ ಬಾಗಿಲು ಅರ್ಧ ತೆರೆದು ಕೈ ಹೊರಗೆ ಬಂತು. "ಶೇಖಾ, ಸಕ್ಕರಿ ಡಬ್ಬಿ ಕೊಡು. ತಲಿ ತಿರಗಿದಂಗ ಆಗೇತಿ, ಒಂದ ಚಿಟಿಕಿ ಬಾಯಾಗ ಹಾಕ್ಕೋತೇನಿ."

"ಯಪ್ಪಾ! ನಿನಗ ಡಾಕ್ಟ್ರು ಸಕ್ಕರಿ ಬಂದ್ ಮಾಡ್ಯಾರ!"

"ಡಾಕ್ಟ್ರು ಬಚ್ಚಲದಾಗ ಬಂದು ನೋಡ್ತಾರೇನ? ಕೊಡು!"

ಹೊರಗೆ ಬಂದಾಗ ಮಾವ ಬಾಟಲಿಯ ಬಗ್ಗೆ ಚಕಾರ ಎತ್ತಲಿಲ್ಲ. ಕಂಬಳಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಪರಮೇಶಪ್ಪ ನಿಟ್ಟುಸಿರು ಬಿಟ್ಟ. ಮಾವ ನೋಡಿಲ್ಲ! ಆತನ ಮನಸ್ಸಿನಲ್ಲಿ ಭಾನುವಾರದ ಮಧ್ಯಾಹ್ನ ಆಗಲೇ ಮೂಡಿತ್ತು: ಬಿಳಿ ನೊರೆ, ಕಪ್ಪು ಮೀಸೆ, ಒಂದು ಭೇಷ್.

ಭಾನುವಾರ ಬಂತು. ಭಾನುವಾರವೆಂದರೆ ಮಾವನಿಗೆ ಎಣ್ಣೆಸ್ನಾನ. ಎಣ್ಣೆಸ್ನಾನಕ್ಕೆ ನೀರು ಸುಡುಸುಡು ಇರಬೇಕೆಂದು ಶೇಖವ್ವ ನೀರೊಲೆಗೆ ಜಾಲಿ ಕಟ್ಟಿಗೆ ಒಟ್ಟಿದಳು. ಮಾವ ಮೈತುಂಬ ಎಣ್ಣೆ ಬಳಿದುಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡ. ಶೇಖವ್ವ ಅಡುಗೆಮನೆಯಲ್ಲಿ ಕೋಳಿಗೆ ಮಸಾಲೆ ಅರೆಯುತ್ತಿದ್ದಳು. ಪರಮೇಶಪ್ಪ ಪಡಸಾಲೆಯಲ್ಲಿ ಗ್ಲಾಸುಗಳನ್ನು ಪಂಚೆಯ ತುದಿಯಿಂದ ಒರೆಸುತ್ತ ಸೀಟಿ ಹೊಡೆಯುತ್ತಿದ್ದ.

ಢಬ್!

ಗ್ಲಾಸು ಕೈಯಿಂದ ಜಾರಿತು. "ಟ್ರಾನ್ಸ್‌ಫಾರ್ಮರ್ ಹೋತು ಅಂತ ಕಾಣಸ್ತೈತಿ!" ಎಂದ ಪರಮೇಶಪ್ಪ.

ಢಬ್! ಢಬ್!

"ಟ್ರಾನ್ಸ್‌ಫಾರ್ಮರ್ ನಮ್ಮ ಬಚ್ಚಲದಾಗ ಯಾವಾಗಿಂದ ಐತ್ರಿ?" ಎಂದು ಶೇಖವ್ವ ಒಳಗಿನಿಂದ ಕೂಗಿದಳು.

ಆಮೇಲೆ ಎಣಿಸಲು ಆಗಲಿಲ್ಲ. ದೀಪಾವಳಿಯ ಸರಪಟಾಕಿಗೆ ಕಿಡಿ ತಾಗಿದಂತಾಯಿತು. ಅದರ ನಡುವೆ ಬಚ್ಚಲಿನಿಂದ ಹವಾಲ್ದಾರನ ಹುಕುಂ ಹೊರಟಿತು: "ದುಶ್ಮನ್! ಲೇಟ್ ಜಾವ್! ಶೇಖಾ, ಮಲಕೋ! ತಲಿ ಎತ್ತಬ್ಯಾಡ, ತೆವಳು!" ಬಚ್ಚಲ ಬಾಗಿಲ ಮೇಲಿನ ಕಿಂಡಿಯಿಂದ ಒಂದು ಬೂಚು ಸುಂಯ್ಯೆಂದು ಹಾರಿಬಂದು, ಪಡಸಾಲೆಯ ಗೋಡೆಗೆ ಬಡಿಯಿತು. ಪರಮೇಶಪ್ಪ ಹೊಡೆದ ಮೊಳೆ ಅಷ್ಟಕ್ಕೇ ಕಾದಿತ್ತು. ಮಾವನ ಮಿಲಿಟರಿ ಫೋಟೊ ಎರಡನೆಯ ಸಲ ನೆಲಕ್ಕೆ ಬಿತ್ತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಒಂದು ನಿಮಿಷದಲ್ಲಿ ಎಲ್ಲ ಮುಗಿಯಿತು. ಬಚ್ಚಲ ಬಾಗಿಲಿನ ಕೆಳಗಿಂದ ಕೆಂಪು ನೀರು ಹರಿದುಬರತೊಡಗಿತು.

"ಯಪ್ಪಾ!" ಎಂದು ಶೇಖವ್ವ ಚೀರಿದಳು. ಪರಮೇಶಪ್ಪ ಬಚ್ಚಲಿನ ಕಡೆಗೆ ಓಡಿದ. ಭೇಷ್ ಹಾಳಾಗಲಿ, ಹೆಸರು ಹಾಳಾಗಲಿ, ಮಾವನಿಗೆ ಏನೂ ಆಗದಿರಲೆಂದು ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತ. ಎರಡು ಯುದ್ಧದಲ್ಲಿ ಶತ್ರುಗಳಿಂದ ಆಗದ ಕೆಲಸ ಅಳಿಯನಿಂದ ಆಯಿತೇ?

ಚಿಲಕ ಸರಿದ ಸಪ್ಪಳವಾಯಿತು.

ಮೈಲಾರೆಪ್ಪ ಹೊರಬಂದ. ಸೊಂಟಕ್ಕೆ ಟವೆಲ್ಲು, ತಲೆಯ ಮೇಲೆ ಹೆಲ್ಮೆಟ್ಟಿನಂತೆ ಬೋರಲು ಹಾಕಿದ ತಾಮ್ರದ ಕೊಳಗ, ಮೈಯೆಲ್ಲ ಎಣ್ಣೆ, ಎಣ್ಣೆಯ ಮೇಲೆ ಬೇವಿನೆಲೆ. ಎಲ್ಲೂ ಒಂದು ಗೀರು ಬಿದ್ದಿರಲಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಇಲ್ಲಿ ಮೀಸೆ ಮಣ್ಣಾಗಿರಲಿಲ್ಲ, ನೊರೆಯಾಗಿತ್ತು! ಈ ತುದಿಯಿಂದ ಆ ತುದಿಯವರೆಗೆ, ನಸುಗೆಂಪಾದ, ದಪ್ಪನೆಯ, ಎದ್ದು ನಿಂತ ನೊರೆ.

ಮೈಲಾರೆಪ್ಪನ ನಾಲಿಗೆ ನಿಧಾನವಾಗಿ ಹೊರಬಂದು, ಮೀಸೆಯ ಒಂದು ಬದಿ ಸವರಿ, ಒಳಗೆ ಹೋಯಿತು. ಆತ ಚಪ್ಪರಿಸಿದ. ಕಣ್ಣು ಕಿವುಚಿಕೊಂಡ.

"ಬಣ್ಣ ಐತಿ" ಎಂದ. ಮತ್ತೆ ಕಣ್ಣು ಉಜ್ಜಿಕೊಂಡ. "ಇವನವ್ವನ, ಕಣ್ಣಾಗ ಹೊಕ್ಕು ಉರಿಯಾಕತ್ತೇತಿ. ಖಾರಾನೂ ಐತಿ!"

"ತಪ್ಪಾತ್ರಿ ಮಾವಾರ" ಎಂದ ಪರಮೇಶಪ್ಪ. "ಗ್ಯಾಸ್ ಬರಲಿಲ್ಲ ಅಂತ ನಾ ಬಾಟ್ಲಿಗೊಂದು ಬೆಲ್ಲದ ಹಳಕು ಹಾಕಿದ್ದೆ. ಅಷ್ಟಕ್ಕ ಹಿಂಗ ಆಗ್ತೈತಿ ಅಂತ ಗೊತ್ತಿರಲಿಲ್ರಿ."

ಶೇಖವ್ವ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. "ನೀವು ಹಾಕಿದ್ರಿ? ಅಯ್ಯ ನಮ್ಮವ್ವ! ನಾನೂ ಹಾಕೇನ್ರಿ! ಗುರುವಾರ, ನೀವು ಡ್ಯೂಟಿಗೆ ಹ್ವಾದ ಮ್ಯಾಲ. ಹಿಟ್ಟಿಗೆ ಒಂದ ಚೂರು ಬೆಲ್ಲ ಹಾಕಿದ್ರ ಉಬ್ಬತೈತಿ ಅಂತ..."

"ಇಲಿ ಅಂದೆಲ್ಲ?"

"ನೀವೂ ಹೌದೌದು ಅಂದ್ರೆಲ್ಲ!"

ಪರಮೇಶಪ್ಪನಿಗೆ ಹೆಂಡತಿಯ ಮೇಲೆ ಸಿಟ್ಟು ಬರಬೇಕಾಗಿತ್ತು, ಬಂದದ್ದು ಬೇರೆಯೇ. ಕಳ್ಳಬಟ್ಟಿ, ಸಾಬೂನು ಎಂದು ಹಂಗಿಸಿದವಳು ತನಗಾಗಿ ಕದ್ದು ಬೆಲ್ಲ ಹಾಕಿದ್ದಳು! ಆದರೂ ಲೆಕ್ಕ ಕೂಡಲಿಲ್ಲ. ಇಬ್ಬರ ಬೆಲ್ಲ ಸೇರಿದರೂ ಇಷ್ಟು ದೊಡ್ಡ ಯುದ್ಧ ಆಗುವುದುಂಟೆ?

ಮೈಲಾರೆಪ್ಪ ಛಾವಣಿ ನೋಡುತ್ತಿದ್ದ. ಕೊಳಗ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಕೆಮ್ಮಿದ.

"ನಾನೂ" ಎಂದ.

"ಏನಂದ್ರಿ?"

"ಕಿವಿ ಕೇಳ್ಸೂದಿಲ್ಲೇನ್ರಿ? ನಾನೂ ಹಾಕೇನಿ ಅಂದೆ! ಸಕ್ಕರಿ. ಶುಕ್ರವಾರ ಕಂಬಳಿ ಸರಿಸಿ ಒಂದು ಬಾಟ್ಲಿ ಬಿಚ್ಚಿ ನೋಡಿದೆ. ಮುದುಕಿ ಕೆಮ್ಮಿದಂಗ ಚುಯ್ ಅಂದು ಸುಮ್ಮನಾತು. ಇಷ್ಟಕ್ಕ ಮೀಸಿಗೆ ಎಲ್ಲಿ ಹತ್ತಬೇಕು? ನಾವು ಪಹಾಡದಾಗ, ಗುಡ್ಡದ ಮ್ಯಾಲ ಇದ್ದಾಗ ಅಲ್ಲಿ ಮಂದಿ ಸಕ್ಕರಿ ಹಾಕಿ ಎಬ್ಬಸ್ತಿದ್ರು. ಎಲ್ಲಾ ಬಾಟ್ಲಿಗೂ ಹಂಚಿ ಡಬ್ಬಿ ಖಾಲಿ ಮಾಡಿದೆ."

ಶೇಖವ್ವ ಹಣೆ ಚಚ್ಚಿಕೊಂಡಳು. ತಲೆ ತಿರುಗಿದ್ದು ಸುಳ್ಳು!

"ನೀವು ಯಾಕ್ರಿ ಮಾವಾರ?" ಎಂದ ಪರಮೇಶಪ್ಪ. ಆತನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಬರಲಿಲ್ಲ ಅಂದ್ರ ನೀವು ಗೆಲ್ತಿದ್ರೆಲ್ಲ?"

"ಹದಿನಾಲ್ಕು ವರ್ಷ ಗೆದ್ದೇನಿ" ಎಂದ ಮೈಲಾರೆಪ್ಪ. "ನಾ ಗೆದ್ದಾಗೊಮ್ಮೆ ನಿನ್ನ ಮಾರಿ ನೋಡಬೇಕು, ನನ್ನ ಮಗಳ ಮಾರಿ ನೋಡಬೇಕು. ಉಂಡದ್ದು ಮೈಗೆ ಹತ್ತೂದಿಲ್ಲ. ಬಾಯಿ ನನ್ನ ಮಾತು ಕೇಳೂದಿಲ್ಲ, ಏನ ಮಾಡ್ಲಿ? ಒಂದ ಸಲ ನೀ ಗೆದ್ದರ ಭೇಷ್ ಅಂದು ಮುಗಿಸೋಣಂತ ಎರಡ ದಿನ ಮೊದಲ ಬಂದೆ."

ನೊರೆ ಮೀಸೆಯಿಂದ ಗದ್ದಕ್ಕೆ ಇಳಿಯುತ್ತಿತ್ತು. ಆತ ಒರೆಸಿಕೊಳ್ಳಲಿಲ್ಲ. ಟವೆಲ್ಲು ಬಿಗಿದುಕೊಂಡು ನೆಟ್ಟಗೆ ನಿಂತು, ಪಲ್ಟನ್ನಿಗೆ ಕೇಳಿಸುವಷ್ಟು ಜೋರಾಗಿ ಹೇಳಿದ:

"ನೊರಿ ಹತ್ತೇತಿ. ಮಾತು ಅಂದ್ರ ಮಾತು. ಪರಮೇಶಿ, ಭೇಷ್!"

ಪರಮೇಶಪ್ಪನ ಕಣ್ಣು ಮಂಜಾದವು. ಬಾಗಿ ಮಾವನ ಕಾಲು ಮುಟ್ಟಿದ. ಎಣ್ಣೆಯೂ ಬಿಯರೂ ಕೂಡಿ ಕಾಲು ಜಾರುತ್ತಿದ್ದುದರಿಂದ ಅದೂ ಸುಲಭವಿರಲಿಲ್ಲ. ಬದುಕಿನಲ್ಲಿ ಇನ್ನೇನು ಬೇಕು? ಇಲ್ಲಿಗೇ ಆತ ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆ ಎಷ್ಟು ಚೆಂದ ಮುಗಿಯುತ್ತಿತ್ತು! ಆದರೆ ಭೇಷ್ ಬಿದ್ದ ಎದೆ ಸುಮ್ಮನಿರುತ್ತದೆಯೇ? ಎದ್ದು ನಿಂತು, ಈ ಸಲ ಸರಿಯಾಗಿ ತೊಡೆ ತಟ್ಟಿ, "ಮುಂದಿನ ವರ್ಷ ನೋಡ್ರಿ ಮಾವಾರ, ಇದಕ್ಕ ಹತ್ತು ಪಟ್ಟು..." ಎಂದು ಶುರುಮಾಡಿದ.

"ಬ್ಯಾಡ!" ಎಂದರು ಅಪ್ಪ ಮಗಳು ಒಟ್ಟಿಗೆ.

"ಎರಡ ಯುದ್ಧ ಮುಗಿಸಿ ಜೀವಂತ ಬಂದೇನಪಾ" ಎಂದ ಮೈಲಾರೆಪ್ಪ. "ಅಳಿಯನ ಬಚ್ಚಲದಾಗ ವೀರಮರಣ ಹೊಂದಿದ ಅಂತ ಮಂದಿ ಅನ್ನೂದು ಬ್ಯಾಡ."

ಅಷ್ಟರಲ್ಲಿ ಶೇಖವ್ವ ಬಚ್ಚಲಿನೊಳಗೆ ಇಣುಕಿ, ಹೌಹಾರಿ ಹಿಂದೆ ಸರಿದು, ಇಕ್ಕಳ ತಂದು, ಮುಖ ಆಚೆ ತಿರುಗಿಸಿ, ಗೂಡಿನ ಮೂಲೆಯಿಂದ ಏನನ್ನೋ ಹಿಡಿದು ಮೆಲ್ಲನೆ ಹೊರತಂದಳು. ಸಿಡಿಯದೆ ಉಳಿದ ಒಂದೇ ಒಂದು ಬಾಟಲಿ. ಒಳಗೆ ಗುಳ್ಳೆಗಳು ಓಡಾಡುತ್ತಿದ್ದವು. ಸುತಳಿ ಬಿಗಿದು ಕಿರ್ ಕಿರ್ ಎನ್ನುತ್ತಿತ್ತು. ಎರಡು ಯುದ್ಧ ಕಂಡ ಹವಾಲ್ದಾರ ಕಂಬದ ಹಿಂದೆ ಹೋಗಿ ಕೊಳಗವನ್ನು ಮತ್ತೆ ತಲೆಗೆ ಹಾಕಿಕೊಂಡ.

ಶೇಖವ್ವ ತೋಳು ಉದ್ದ ಮಾಡಿ ಇಕ್ಕಳವನ್ನು ಗಂಡನ ಮುಂದೆ ಹಿಡಿದಳು.

"ತಗೋರಿ. ಲಗೂನ ಒಯ್ದು ನಿಮ್ಮ ಕೋಲ್ಡ್ ಸ್ಟೋರೇಜಿನಾಗ ಇಟ್ಟು ಬರ್ರಿ. ತಂಪಿನಾಗ ಇಟ್ರ ಯಾವ್ದೂ ಕೆಡೂದಿಲ್ಲ ಅಂತೀರಲ್ಲ!"